ಹಿಂದೆ ಕೂತವರ ರಸ್ತೆ

ಊರಿಗೆ ಹೋದಾಗಲೆಲ್ಲ ನನಗೊಂದು ಕಾಯಂ ಕೆಲಸ ಇರುತ್ತೆ. ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ರಾಣೆಬೆನ್ನೂರಿನಿಂದ ಬ್ಯಾಡಗಿಗೆ, ಚಿಗವ್ವನ ಮನೆಗೆ ಹೋಗಿ ಬರೋದು. ಹೆದ್ದಾರಿ ಹಿಡಿದು ಹಾವೇರಿ ಕಡೆ ಹೋಗಿ, ಮೋಟೆಬೆನ್ನೂರಿನಲ್ಲಿ ಎಡಕ್ಕೆ ತಿರುಗಿದರೆ ಆಯ್ತು. ಬೈಕು ಅಪ್ಪನ ಕಾಲದ ಸ್ಪ್ಲೆಂಡರ್. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತೆ, ಪೆಟ್ರೋಲು ಕುಡಿಯಲ್ಲ. ಅದರ ಬಗ್ಗೆ ನನಗೆ ಒಂಚೂರು ಹೆಮ್ಮೆಯೂ ಇತ್ತು.

ಕಳೆದ ವರ್ಷ ಒಂದು ಸಂಜೆ ಚಿಗವ್ವನ ಮನೆಯಿಂದ ಹೊರಡುವಾಗ ಅವ್ವ, ‘ನೀ ಮುಂದ ಹೋಗಪಾ, ನಾ ಬಸ್ಸಿಗೆ ಬರ್ತೀನಿ’ ಅಂದಳು. ನಾನು ನಕ್ಕೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಓಣಿಯ ಹೆಂಗಸರಿಗೆಲ್ಲ ಬಸ್ಸು ಅಂದ್ರೆ ಒಂಥರಾ ತವರುಮನೆ. ಪುಕ್ಕಟೆ ಟಿಕೆಟ್ಟಿನ ಖುಷಿ ಇರಬೇಕು ಅಂದ್ಕೊಂಡೆ. ಮುಂದಿನ ಸಲ ಹೋದಾಗಲೂ ಅದೇ ಮಾತು, ಅದರ ಮುಂದಿನ ಸಲವೂ ಅದೇ. ಹೋಗುವಾಗ ನನ್ನ ಜೊತೆ, ಬರುವಾಗ ಬಸ್ಸು. ನಾನು ಕಾರಣ ಕೇಳಲಿಲ್ಲ. ಕೇಳೋದಕ್ಕೇನಿದೆ, ಕಾರಣ ನನಗೆ ಗೊತ್ತೇ ಇತ್ತಲ್ಲ.

ಗೊತ್ತಿರಲಿಲ್ಲ ಅನ್ನೋದು ತಿಳಿದದ್ದು ರಾಣೆಬೆನ್ನೂರಿನ ಒಂದು ಗ್ಯಾರೇಜಿನಲ್ಲಿ. ಚೈನು ಬಿಗಿ ಮಾಡಿಸಲು ಹೋಗಿದ್ದೆ. ಹುಡುಗ ಕೆಲಸ ಮುಗಿಸಿ, ಎದ್ದು, ಹಿಂದಿನ ಸೀಟಿನ ಮೇಲೆ ಎರಡೂ ಕೈಯಿಟ್ಟು ಮೈಭಾರ ಹಾಕಿ ಒತ್ತಿ ಬಿಟ್ಟ. ಬೈಕು ಕೆಳಗೆ ಹೋಯ್ತು, ಮೇಲೆ ಬಂತು, ಮತ್ತೆ ಕೆಳಗೆ ಹೋಯ್ತು, ಮತ್ತೆ ಮೇಲೆ ಬಂತು. ಕೋಲೆಬಸವ ತಲೆ ಹಾಕಿದ ಹಾಗೆ ಹಾಕುತ್ತಲೇ ಇತ್ತು. ಅವನು ಮುಖ ಮೇಲೆತ್ತಿ, ‘ಇದರ ಹಿಂದ ಯಾರ್ನ ಕುಂದ್ರಿಸ್ತೀರಿ ಸರ್?’ ಅಂತ ಕೇಳಿದ.

ಶಾಕಬ್ಸರ್ ಹೋಗಿದೆ ಅಂತ ಹೇಳಬಹುದಿತ್ತು. ಯಾರನ್ನು ಕೂರಿಸ್ತೀರಿ ಅಂತ ಕೇಳಿದ. ಆ ಪ್ರಶ್ನೆ ಅವತ್ತಿನಿಂದ ನನ್ನ ಜೊತೆ ಇದೆ. ಅದರ ಬಗ್ಗೆಯೇ ಈ ಬರಹ. ನಡುವೆ ಸ್ವಲ್ಪ ಸ್ಪ್ಯಾನರು, ಆಯಿಲು ಬರುತ್ತೆ, ಸಹಿಸಿಕೊಳ್ಳಿ.

ಬೈಕಿನ ಸಸ್ಪೆನ್ಷನ್ ಒಳಗೆ ಎರಡು ಕೆಲಸದವರಿದ್ದಾರೆ. ಒಬ್ಬ ಸ್ಪ್ರಿಂಗು. ಅವನಿಗೆ ಏಟು ಕೊಟ್ಟರೆ ನುಂಗಿಕೊಳ್ಳುತ್ತಾನೆ, ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲ್ಲ. ಕೊಟ್ಟದ್ದನ್ನು ಹೆಚ್ಚುಕಮ್ಮಿ ಪೂರ್ತಿ ವಾಪಸ್ ಕೊಡುತ್ತಾನೆ. ಬರೀ ಸ್ಪ್ರಿಂಗಿನ ಮೇಲೆ ಕೂತರೆ ಒಂದು ಹಂಪು ಹತ್ತು ಹಂಪಾಗುತ್ತೆ. ಇನ್ನೊಬ್ಬ ಆಯಿಲು. ಕೊಳವೆಯೊಳಗೆ ಸಣ್ಣ ಸಣ್ಣ ತೂತುಗಳಲ್ಲಿ ಆಯಿಲು ಹಿಂಡಿಕೊಂಡು ಹೋಗಬೇಕಾಗುತ್ತೆ, ಹಾಗೆ ಹಿಂಡಿಕೊಳ್ಳುವಾಗ ಏಟಿನ ಶಕ್ತಿ ಬಿಸಿಯಾಗಿ ಗಾಳಿಗೆ ಹೋಗುತ್ತೆ. ನಿಜವಾಗಿ ಏಟನ್ನು ಕೊನೆಗಾಣಿಸುವವನು ಇವನು. ಕಾಣಿಸೋದು ಮಾತ್ರ ಸ್ಪ್ರಿಂಗು. 1935ರಲ್ಲಿ ಬಿಎಂಡಬ್ಲ್ಯು ಕಂಪನಿ ಆರ್12 ಅನ್ನೋ ಬೈಕಿಗೆ ಆಯಿಲ್ ತುಂಬಿದ ಟೆಲಿಸ್ಕೋಪಿಕ್ ಫೋರ್ಕ್ ಹಾಕಿ ಮಾರುಕಟ್ಟೆಗೆ ಬಿಟ್ಟಿತು. ಇವತ್ತು ಬ್ಯಾಡಗಿ ಮಾರುಕಟ್ಟೆಯ ಮುಂದೆ ಸಾಲಾಗಿ ನಿಂತಿರುವ ಬಹುಪಾಲು ಬೈಕುಗಳ ಮುಂದಿನ ಎರಡು ಕಾಲುಗಳೂ ಅದೇ ಜಾತಿಯವು.

ಆಯಿಲು ಸಾಯೋದು ನಿಧಾನಕ್ಕೆ. ಬಲ್ಬಿನ ಹಾಗೆ ಒಂದು ದಿನ ಪಟಕ್ಕಂತ ಹೋಗಲ್ಲ. ಓಡಿದಷ್ಟೂ ಲೋಹದ ಪುಡಿ ಸೇರುತ್ತೆ, ತೇವ ಸೇರುತ್ತೆ, ಅದರ ಗಟ್ಟಿತನ ಇಳಿಯುತ್ತೆ. ನಮ್ಮ ಕಡೆ ಇನ್ನೊಂದು ಶತ್ರು ಇದೆ, ಎರೆ ಮಣ್ಣು. ಮಳೆಗಾಲದಲ್ಲಿ ಅದು ಫೋರ್ಕಿನ ಹೊಳೆಯುವ ಕೊಳವೆಗೆ ಅಂಟಿ, ಒಣಗಿ, ಕಲ್ಲಾಗುತ್ತೆ. ಫೋರ್ಕು ಮೇಲೆ ಕೆಳಗೆ ಆಡಿದಾಗಲೆಲ್ಲ ಅದು ರಬ್ಬರಿನ ಆಯಿಲ್ ಸೀಲನ್ನು ಕೆರೆಯುತ್ತೆ. ಸೀಲಿನಿಂದ ಒಂದು ತೆಳು ಪದರ ಎಣ್ಣೆ ಹೊರಗೆ ಬರುತ್ತೆ, ಅದಕ್ಕೆ ಧೂಳು ಹತ್ತಿ ಕಪ್ಪು ಬಳೆಯಂತೆ ಕಾಣುತ್ತೆ. ಹಾಗೇ ಬಿಟ್ಟರೆ ಎಣ್ಣೆ ಕೆಳಗಿಳಿದು ಬ್ರೇಕಿಗೂ ತಗುಲಬಹುದು.

ಇಷ್ಟೆಲ್ಲ ಆಗುತ್ತಿರುವಾಗ ಓಡಿಸುವವನಿಗೆ ಏನು ಗೊತ್ತಾಗುತ್ತೆ? ಏನೂ ಗೊತ್ತಾಗಲ್ಲ. ನಿನ್ನೆಗಿಂತ ಇವತ್ತು ಎಷ್ಟು ಕೆಟ್ಟಿದೆಯೋ ಅಷ್ಟನ್ನು ಮೈ ತಾನೇ ಸರಿಮಾಡಿಕೊಳ್ಳುತ್ತೆ. ಗುಂಡಿ ಕಂಡ ಕೂಡಲೇ ಮೊಣಕೈ ಸ್ವಲ್ಪ ಮಡಚುತ್ತೆ, ಫುಟ್‌ರೆಸ್ಟಿನ ಮೇಲೆ ಪಾದ ಒತ್ತುತ್ತೆ, ಸೀಟಿನಿಂದ ಕುಂಡೆ ಒಂದು ಬೆರಳು ಮೇಲೇಳುತ್ತೆ. ಯಾರೂ ಕಲಿಸಿದ್ದಲ್ಲ. ಶಾಕಬ್ಸರ್ ಬಿಟ್ಟ ಕೆಲಸವನ್ನು ಮೊಣಕಾಲು ಎತ್ತಿಕೊಂಡಿರುತ್ತೆ. ಹತ್ತು ವರ್ಷ ಆದ ಮೇಲೆ ಯಾರಾದರೂ ಬೈಕು ಹ್ಯಾಗಿದೆ ಅಂತ ಕೇಳಿದರೆ ‘ಬೆಣ್ಣೆ ಇದ್ದಂಗೈತಿ’ ಅಂತೀವಿ. ಸುಳ್ಳೂ ಹೇಳ್ತಿರಲ್ಲ.

ರೂಢಿ ಅನ್ನೋದನ್ನು ನಾವು ಒಂದು ಗುಣ ಅಂತ ಭಾವಿಸಿಬಿಟ್ಟಿದ್ದೀವಿ. ‘ರೂಢಿ ಆಗೇತಿ ಬಿಡ್ರಿ’ ಅನ್ನುವಾಗ ದನಿಯಲ್ಲಿ ಒಂಥರಾ ಗಟ್ಟಿತನ ಇರುತ್ತೆ, ನೋಡಿ ಎಷ್ಟು ತಡಕೊಂಡಿದ್ದೀನಿ ಅನ್ನೋ ಹಾಗೆ. ತನ್ನ ಪಾಲಿನ ಕಷ್ಟವನ್ನು ತಾನು ರೂಢಿಸಿಕೊಂಡರೆ ಅದು ಗುಣವೇ ಇರಬಹುದು, ಅದರ ಬಗ್ಗೆ ನನ್ನ ತಕರಾರಿಲ್ಲ. ಬೈಕಿನ ಮೇಲೆ ಇಬ್ಬರು ಕೂತಾಗ ಲೆಕ್ಕ ಬೇರೆಯಾಗುತ್ತೆ.

ಎರಡು ಚಕ್ರಗಳ ನಡುವೆ ಎಲ್ಲೋ ಓಡಿಸುವವನು ಕೂತಿರುತ್ತಾನೆ. ಹಿಂದೆ ಕೂತವರು ಹೆಚ್ಚುಕಮ್ಮಿ ಹಿಂದಿನ ಚಕ್ರದ ಅಚ್ಚಿನ ನೆತ್ತಿಯ ಮೇಲೆ ಇರುತ್ತಾರೆ. ತಕ್ಕಡಿಯ ನಡುವಿನ ಮುಳ್ಳು ಅಲ್ಲಾಡೋದಕ್ಕೂ ತಟ್ಟೆ ಅಲ್ಲಾಡೋದಕ್ಕೂ ಇರುವಷ್ಟೇ ವ್ಯತ್ಯಾಸ. ಚಕ್ರ ಎದ್ದರೆ ಅವರು ಪೂರ್ತಿ ಏಳುತ್ತಾರೆ. ಮುಂದಿನವನ ಕೈಯಲ್ಲಿ ಹ್ಯಾಂಡಲ್ ಇದೆ, ಕಾಲ ಕೆಳಗೆ ಗಟ್ಟಿ ಫುಟ್‌ರೆಸ್ಟ್ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ಗುಂಡಿ ಕಾಣುತ್ತೆ. ಹಿಂದೆ ಕೂತವರಿಗೆ ಕಾಣೋದು ಅವನ ಬೆನ್ನು. ನಮ್ಮವ್ವ ಸೀರೆ ಉಟ್ಟುಕೊಂಡು ಒಂದೇ ಬದಿಗೆ ಕಾಲು ಹಾಕಿ ಕೂರುವವಳು. ಅಂದ್ರೆ ನಡು ತಿರುಚಿಕೊಂಡಿರುತ್ತೆ, ಒಂದು ಕೈ ಹಿಡಿಕೆ ಮೇಲೆ, ಇನ್ನೊಂದು ಕೈಯಲ್ಲಿ ಚಿಗವ್ವನಿಗೆ ಒಯ್ಯುವ ಬುತ್ತಿಚೀಲ. ಮೊಣಕಾಲು ಮಡಚಿ ಏಟು ತಪ್ಪಿಸಿಕೊಳ್ಳುವ ಉಪಾಯ ಅವಳಿಗೆ ಇಲ್ಲವೇ ಇಲ್ಲ. ನನ್ನ ಮೈ ಹತ್ತು ವರ್ಷದಲ್ಲಿ ರೂಢಿ ಮಾಡಿಕೊಂಡದ್ದನ್ನು ಅವಳ ಮೈ ತಿಂಗಳಿಗೊಮ್ಮೆ, ಮುನ್ಸೂಚನೆಯೂ ಇಲ್ಲದೆ ತಗೊಳ್ಳಬೇಕು.

ಹಾಗಿರುವಾಗ ‘ಬೈಕು ಚೆನ್ನಾಗಿದೆ’ ಅಂತ ತೀರ್ಪು ಕೊಡುವ ಹಕ್ಕು ನನಗೆ ಎಲ್ಲಿಂದ ಬಂತು?

ಕಾನೂನು ಹಿಂದೆ ಕೂತವರನ್ನು ಮರೆತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಓದಿದರೆ ಆಶ್ಚರ್ಯ ಆಗುತ್ತೆ. ಹಿಡಿದುಕೊಳ್ಳಲು ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು ಅನ್ನುತ್ತೆ ಅದು. ನಾವು ಸೀರೆ ಗಾರ್ಡ್ ಅನ್ನೋದು ಇದನ್ನೇ. ಯಾರೋ ಒಬ್ಬ ಅಧಿಕಾರಿ ಕೂತು ಸೀರೆಯ ಸೆರಗಿನ ಬಗ್ಗೆ ಯೋಚಿಸಿದ್ದಾನೆ. ಆದರೆ ಕಂಪನಿಯಿಂದ ಬಂದ ದಿನ ಇದ್ದದ್ದು ಹತ್ತು ವರ್ಷದ ಮೇಲೂ ಹಾಗೇ ಇದೆಯಾ ಅಂತ ಪ್ರತಿ ತಿಂಗಳು ಮನೆಗೆ ಬಂದು ಒತ್ತಿ ನೋಡಲು ಯಾವ ನಿಯಮಕ್ಕೂ ಆಗಲ್ಲ. ಅದು ಓಡಿಸುವವನ ಪಾಲಿಗೇ ಉಳಿಯುತ್ತೆ.

ಬೈಕು ರಿಪೇರಿ ಮತ್ತು ತತ್ವಶಾಸ್ತ್ರ ಅಂದ ಕೂಡಲೇ ಎಲ್ಲರಿಗೂ ನೆನಪಾಗುವ ಪುಸ್ತಕ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ‘ಝೆನ್ ಆಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’. ಬೆಂಗಳೂರಿನಲ್ಲಿ ನನ್ನ ಹಾಗೆ ಐಟಿ ಕೆಲಸ ಮಾಡುವ ಅರ್ಧ ಜನರ ಕಪಾಟಿನಲ್ಲಿ ಅದು ಇರುತ್ತೆ, ಅದರಲ್ಲಿ ಅರ್ಧ ಜನ ಪೂರ್ತಿ ಓದಿರಲ್ಲ. ಅದರಲ್ಲಿ ಲೇಖಕ ತನ್ನ ಬೈಕನ್ನು ತಾನೇ ನೋಡಿಕೊಳ್ಳುತ್ತಾನೆ. ದುಬಾರಿ ಬೈಕು ಇಟ್ಟುಕೊಂಡು ಸ್ಪ್ಯಾನರ್ ಮುಟ್ಟದ ಗೆಳೆಯನ ಬಗ್ಗೆ ಪುಟಗಟ್ಟಲೆ ಚಿಂತಿಸುತ್ತಾನೆ. ನನಗೆ ಕಾಡಿದ್ದು ಬೇರೆ. ಅಷ್ಟೂ ದೂರ ಅವನ ಹಿಂದೆ ಮಗ ಕ್ರಿಸ್ ಕೂತಿರುತ್ತಾನೆ. ಅಪ್ಪ ವಾಲ್ವಿನ ಬಗ್ಗೆ, ಗ್ರೀಕರ ಬಗ್ಗೆ, ಗುಣಮಟ್ಟ ಅಂದರೇನು ಅನ್ನೋದರ ಬಗ್ಗೆ ತಲೆಯೊಳಗೆ ಉಪನ್ಯಾಸ ಕೊಡುತ್ತಾ ಹೋಗುತ್ತಾನೆ. ಹುಡುಗನಿಗೆ ಹೊಟ್ಟೆನೋವು, ಬೇಜಾರು, ಅಳು. ಕೊನೆಗೆ ಒಂದು ಕಡೆ ಅವನು ಫುಟ್‌ರೆಸ್ಟಿನ ಮೇಲೆ ಎದ್ದು ನಿಲ್ಲುತ್ತಾನೆ, ಆಗಲೇ ಅಪ್ಪನ ಹೆಗಲಿನಾಚೆ ರಸ್ತೆ ಕಾಣೋದು. ಎಂಜಿನ್ನಿನ ಸಣ್ಣ ಸದ್ದನ್ನೂ ಹಿಡಿಯಬಲ್ಲ ಮನುಷ್ಯನಿಗೆ, ತನ್ನ ಬೆನ್ನಿಗೆ ಅಂಟಿ ಕೂತವನಿಗೆ ಏನು ಕಾಣುತ್ತಿದೆ ಅನ್ನೋದು ಅಷ್ಟು ತಡವಾಗಿ ಗೊತ್ತಾಯ್ತು. ಯಂತ್ರವನ್ನು ಪ್ರೀತಿಸಿ ನೋಡಿಕೊಳ್ಳೋದು ತಾನಾಗಿಯೇ ಒಳ್ಳೆಯತನ ಆಗಿಬಿಡಲ್ಲ ಅನ್ನೋದಕ್ಕೆ ಆ ಪುಸ್ತಕವೇ ಸಾಕ್ಷಿ ಅನ್ನಿಸಿತು ನನಗೆ.

ಇರಲಿ. ನಾನು ಮಾಡಿದ್ದು ಹೇಳ್ತೀನಿ.

ಹಿಂದಿನ ಶಾಕಬ್ಸರ್‌ಗಳನ್ನು ಬಿಚ್ಚಿ ಆಯಿಲ್ ತುಂಬಿಸಿ ಕೊಡುವವರು ಇದ್ದಾರೆ. ಅದು ಎಷ್ಟು ದಿನ ತಾಳುತ್ತೆ ಅನ್ನೋದು ಮಾಡುವವನ ಕೈಗುಣ. ನಮ್ಮಂಥ ಬೈಕುಗಳಲ್ಲಿ ಅವು ಮನೆಯಲ್ಲಿ ಬಿಚ್ಚುವಂಥವಲ್ಲ. ಜೋಡಿಯಾಗಿ ಹೊಸದನ್ನೇ ತಂದೆ. ಒಂದನ್ನೇ ಬದಲಿಸಿದರೆ ಒಂದು ಕಾಲು ಕುಂಟಿದ ಹಾಗೆ. ಬೋಲ್ಟ್ ಬಿಚ್ಚಿ ಹಾಕೋದು ಅರ್ಧ ಗಂಟೆಯ ಕೆಲಸ, ಅದನ್ನು ನಾನೇ ಮಾಡಿದೆ. ಹಳೆಯದನ್ನು ತೆಗೆಯುವಾಗ ನನ್ನ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು.

ಹಿಂದಿನ ಸ್ಪ್ರಿಂಗಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆ ಇರುತ್ತಲ್ಲ, ಸ್ಪ್ಲೆಂಡರ್‌ನಲ್ಲಿ ಅದಕ್ಕೆ 5 ಮನೆ. ಕೊಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಏರುತ್ತೆ, ಇಳಿಯುತ್ತೆ. ನಮ್ಮ ಬೈಕಿನಲ್ಲಿ ಅದು ಕೊನೇ ಮನೆಯಲ್ಲಿತ್ತು. ಯಾವಾಗ ಏರಿಸಿದ್ದೆ? ನೆನಪಾಯ್ತು. ಎಷ್ಟೋ ವರ್ಷದ ಹಿಂದೆ ಹೊಲಕ್ಕೆ ಗೊಬ್ಬರದ ಚೀಲ ಸಾಗಿಸುವಾಗ ಏರಿಸಿದವನು ಮತ್ತೆ ಇಳಿಸಿರಲಿಲ್ಲ. ಗೊಬ್ಬರಕ್ಕೆ ಮಾಡಿಕೊಟ್ಟ ಅನುಕೂಲದ ಮೇಲೆ ಅವ್ವನನ್ನು ಕೂರಿಸಿಕೊಂಡು ತಿರುಗುತ್ತಿದ್ದೆ.

ಆ ಬಳೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಏರಿಸಿದರೆ ಸ್ಪ್ರಿಂಗು ಗಟ್ಟಿ ಆಗುತ್ತೆ, ಇಳಿಸಿದರೆ ಮೆತ್ತಗಾಗುತ್ತೆ ಅಂತ. ಸ್ಪ್ರಿಂಗಿನ ಗುಣ ಅದರ ತಂತಿಯಲ್ಲಿರುತ್ತೆ, ಬಳೆ ತಿರುಗಿಸಿದರೆ ಅದು ಬದಲಾಗಲ್ಲ. ಬದಲಾಗೋದು ಏನಂದ್ರೆ, ಭಾರ ಬಿದ್ದಾಗ ಬೈಕು ಎಷ್ಟು ಕುಗ್ಗುತ್ತೆ ಅನ್ನೋದು. ಕೂತಾಗ ಒಂಚೂರು ಕುಗ್ಗಲೇಬೇಕು. ಚಕ್ರದ ಒಟ್ಟು ಓಡಾಟದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕುಗ್ಗಿರಬೇಕು ಅನ್ನೋದು ಬಲ್ಲವರ ಲೆಕ್ಕ. ಯಾಕಂದ್ರೆ ರಸ್ತೆಯಲ್ಲಿ ಉಬ್ಬು ಮಾತ್ರ ಇರಲ್ಲ, ಗುಂಡಿಯೂ ಇರುತ್ತೆ. ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಮುಟ್ಟಬೇಕಾದರೆ ಅದಕ್ಕೆ ಇಳಿಯಲು ಜಾಗ ಉಳಿದಿರಬೇಕು. ಬಳೆ ತುದಿಯಲ್ಲಿದ್ದರೆ ಜಾಗವೇ ಇರಲ್ಲ. ಚಕ್ರ ಗಾಳಿಯಲ್ಲಿ ತೂಗಿ, ಧಡ್ ಅಂತ ಬೀಳುತ್ತೆ.

ಎಷ್ಟು ಕುಗ್ಗುತ್ತೆ ಅಂತ ಅಳೆಯಲು ಹೊರಟಾಗ ಗೊತ್ತಾಯ್ತು, ಇದು ಒಬ್ಬನಿಂದ ಆಗುವ ಅಳತೆಯಲ್ಲ. ಮೊದಲು ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ತೂಗುವಾಗ, ಚಕ್ರದ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆದುಕೊಳ್ಳಬೇಕು. ಆಮೇಲೆ ಸ್ಟ್ಯಾಂಡಿನಿಂದ ಇಳಿಸಿ, ಮೇಲೆ ಕೂತು, ಎರಡೂ ಕಾಲು ಫುಟ್‌ರೆಸ್ಟಿನ ಮೇಲಿಟ್ಟು ಮತ್ತೆ ಅಳೆಯಬೇಕು. ನಾನು ಮೇಲೆ ಕೂತಿದ್ದರೆ ಟೇಪು ಹಿಡಿಯುವವರು ಯಾರು? ಬಗ್ಗಿದರೆ ಭಾರ ಸರಿಯುತ್ತೆ, ಅಳತೆ ಕೆಡುತ್ತೆ. ನನ್ನ ಭಾರ ಎಷ್ಟು ಕೆಳಗೆ ಒತ್ತುತ್ತಿದೆ ಅನ್ನೋದನ್ನು ನಾನೇ ಬಗ್ಗಿ ನೋಡಿಕೊಳ್ಳಲು ಆಗಲ್ಲ.

ಪಕ್ಕದ ಮನೆ ಹುಡುಗ ಹ್ಯಾಂಡಲ್ ಹಿಡಿದ. ಅವ್ವ ತನ್ನ ಹೊಲಿಗೆ ಟೇಪು ತಂದು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಎಷ್ಟೋ ವರ್ಷ ಓಣಿಯವರ ಜಂಪರು ಹೊಲಿದವಳು, ಅಳತೆಯಲ್ಲಿ ಅವಳಿಗೆ ಎದುರಾಡುವ ಹಾಗಿಲ್ಲ. ಎರಡು ಸಲ ಹಿಡಿದು ನೋಡಿ, ‘ನೀ ಕುಂತರೂ ಅಷ್ಟ, ಕುಂದರದಿದ್ರೂ ಅಷ್ಟ. ಒಂಚೂರೂ ಇಳದಿಲ್ಲ’ ಅಂದಳು. ಬಳೆ ಇಳಿಸಿ ಮತ್ತೆ ಅಳೆದೆವು. ಮತ್ತೆ ಇಳಿಸಿದೆವು. ಆಮೇಲೆ ಹಿಂದೆ ಅವಳನ್ನು ಕೂರಿಸಿ, ಟೇಪನ್ನು ಹುಡುಗನಿಗೆ ಕೊಟ್ಟು ಅಳೆದೆವು. ಅವಳು ಕೂತಾಗ ಎರಡು ಮನೆ ಏರಿಸಬೇಕು, ನಾನೊಬ್ಬನೇ ಇದ್ದಾಗ ಇಳಿಸಬೇಕು ಅನ್ನೋದು ತಿಳಿಯಿತು. ಹಿಂದಿನ ಟೈರಿನ ಗಾಳಿಯೂ ಅಷ್ಟೇ. ಒಬ್ಬರಿದ್ದರೆ ಎಷ್ಟು, ಇಬ್ಬರಿದ್ದರೆ ಎಷ್ಟು ಅಂತ ಕಂಪನಿಯವರೇ ಎರಡು ಅಂಕಿ ಬರೆದು ಅಂಟಿಸಿರುತ್ತಾರೆ. ನಾನು ಇಷ್ಟು ವರ್ಷ ಬಂಕಿನ ಹುಡುಗ ಹಾಕಿದಷ್ಟು ಹಾಕಿಸಿಕೊಂಡು ಬರುತ್ತಿದ್ದೆ.

ಹೀಗೆ ಅಳೆಯುತ್ತಿರುವಾಗ ನಾನು ಕೇಳಿದೆ: ‘ಅವ್ವಾ, ಬ್ಯಾಡಗಿಯಿಂದ ಬಸ್ಸಿಗೆ ಬರ್ತಿದ್ದಿ ಅಲ್ಲಾ, ನಡಾ ನೋಯ್ತಿತ್ತೇನಬೇ?’

ಅವಳು ಟೇಪು ಸುತ್ತುತ್ತಾ, ‘ನೋವು ಏನ ದೊಡ್ಡದಲ್ಲ. ನೀ ಅಷ್ಟು ದೂರದಿಂದ ಬಂದಿರ್ತಿ, ಅಷ್ಟು ಖುಷೀಲೆ ಗಾಡಿ ಹೊಡೀತಿರ್ತಿ, ಏನಂತ ಹೇಳೂದು’ ಅಂದಳು.

ಈ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಹಿಂದೆ ಕೂತವರು ಹೇಳಲ್ಲ ಅನ್ನೋದನ್ನು ನಾವು ಲೆಕ್ಕಕ್ಕೇ ಹಿಡಿದಿರಲ್ಲ. ದೂರು ಬಂದಿಲ್ಲ ಅಂದ್ರೆ ಎಲ್ಲ ಸರಿಯಾಗಿದೆ ಅನ್ನೋದು ನಮ್ಮ ಆಫೀಸುಗಳಲ್ಲೂ ನಡೆಯುವ ತರ್ಕ. ಟೀಮಿನಲ್ಲಿ ಯಾರೂ ಏನೂ ಹೇಳಿಲ್ಲ, ಆದ್ದರಿಂದ ಯಾರಿಗೂ ತೊಂದರೆ ಇಲ್ಲ. ಹೇಳದಿರಲು ಪ್ರೀತಿಯೂ ಕಾರಣ ಆಗಬಹುದು, ಭಯವೂ ಆಗಬಹುದು. ಸುಮ್ಮನಿರೋದನ್ನು ನೋಡಿ ಯಾವುದು ಅಂತ ಹೇಳಲು ಬರಲ್ಲ. ಆದ್ದರಿಂದ ಕೇಳುವವರೆಗೆ ಕಾಯದೆ ಒತ್ತಿ ನೋಡಬೇಕು ಅಂತ ನನಗೀಗ ಅನ್ನಿಸುತ್ತೆ.

ಮುಂದಿನ ಫೋರ್ಕಿನ ಕೆಲಸ ಇದರ ಮುಂದಿನ ಭಾನುವಾರ. ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ಎತ್ತಿ ನಿಲ್ಲಿಸಬೇಕು, ಬೈಕು ಅಲ್ಲಾಡಬಾರದು. ಫೋರ್ಕಿನ ತಲೆಯ ಮೇಲಿನ ಬೋಲ್ಟಿನ ಕೆಳಗೆ ಸ್ಪ್ರಿಂಗು ಒತ್ತಿಕೊಂಡು ಕೂತಿರುತ್ತೆ. ಕೊನೆಯ ಸುತ್ತು ಬಿಚ್ಚುವಾಗ ಮುಖ ಮೇಲೆ ತಂದರೆ ಹಲ್ಲು ಹೋದೀತು. ಇದನ್ನು ಓದಿ ಧೈರ್ಯ ಬಂದಿದ್ದರೂ ಮೊದಲ ಸಲ ಬಲ್ಲವರ ಜೊತೆ ಮಾಡಿ. ನಾನು ಗ್ಯಾರೇಜಿನ ಆ ಹುಡುಗನನ್ನೇ ಮನೆಗೆ ಕರೆದೆ, ಅರ್ಧ ದಿನದ ಕೂಲಿ ಕೊಟ್ಟೆ. ಕೆಲವು ಬೈಕುಗಳಲ್ಲಿ ಫೋರ್ಕಿನ ಕೆಳಗೇ ಆಯಿಲ್ ಇಳಿಸುವ ಬೋಲ್ಟ್ ಇರುತ್ತೆ. ನಮ್ಮದರಲ್ಲಿ ಎರಡೂ ಕಾಲು ಬಿಚ್ಚಿ ತಲೆಕೆಳಗೆ ಹಿಡಿಯಬೇಕಾಯ್ತು. ಹೊರಗೆ ಬಂದದ್ದು ಒಲೆಬೂದಿ ಕಲಸಿದ ನೀರಿನಂತಿತ್ತು. ನಾತವೂ ಹಾಗೇ, ಬಾವಿಯ ತಳದ ಕೆಸರಿನ ನಾತ. ಒಂದು ಕಾಲಿನಲ್ಲಿ ಇದ್ದದ್ದು ಇನ್ನೊಂದು ಕಾಲಿನಲ್ಲಿ ಇದ್ದದ್ದರ ಅರ್ಧವೂ ಇರಲಿಲ್ಲ.

ಅದನ್ನು ಚರಂಡಿಗೆ ಸುರಿಯಬಾರದು ಅಂತ ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿಗೆ ಕಳಿಸಿದೆವು. ಸೀಲು ಹೊಸದು ಹಾಕಿ, ಕಂಪನಿ ಹೇಳಿದ ದರ್ಜೆಯ ಫೋರ್ಕ್ ಆಯಿಲ್ ಎರಡೂ ಕಾಲಿಗೆ ಸಮ ಅಳತೆ ಹಿಡಿದು ಹಾಕಿ, ಕೊಳವೆ ಮೇಲೆ ಕೆಳಗೆ ಆಡಿಸಿ ಒಳಗಿನ ಗಾಳಿ ಬಿಡಿಸಿ, ಜೋಡಿಸಿದೆವು. ಪ್ರತಿ ತಿಂಗಳು ಇಷ್ಟೆಲ್ಲ ಏನೂ ಬೇಡ. ಬೈಕು ತೊಳೆದಾಗ ಆ ಕೊಳವೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಣ್ಣು ಒಣಗಲು ಬಿಡದಿದ್ದರೆ ಸೀಲು ಎಷ್ಟೋ ವರ್ಷ ಬಾಳುತ್ತೆ.

ನಮ್ಮ ಅಜ್ಜ ಚಕ್ಕಡಿ ಹೂಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದ. ಹೆಂಗಸರು ಮಕ್ಕಳು ಜಾತ್ರೆಗೆ ಹೊರಟಿದ್ದರೆ ಒಳಗೆ ಮೇವು ಹರಡಿ, ಮೇಲೆ ಜಮಖಾನೆ ಹಾಸುತ್ತಿದ್ದ. ಕಾಳಿನ ಚೀಲ ಹೇರುವಾಗ ಮೇವು ಹಾಕುತ್ತಿರಲಿಲ್ಲ. ಚಕ್ಕಡಿಗೆ ಸ್ಪ್ರಿಂಗು ಇರಲಿಲ್ಲ, ಆದರೆ ಇವತ್ತು ಯಾರು ಕೂರುತ್ತಾರೆ ಅನ್ನುವ ಲೆಕ್ಕ ಇತ್ತು. ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಚಕ್ಕಡಿಯಲ್ಲಿ ರಾಣೆಬೆನ್ನೂರಿನಿಂದ ದೇವರಗುಡ್ಡಕ್ಕೆ ಹೋಗಿಬಂದವರ ನಡುವಿನ ಕಥೆ ಅವರಿಗೇ ಗೊತ್ತು.

ಇದನ್ನೆಲ್ಲ ಬೆಂಗಳೂರಿನ ಗೆಳೆಯನೊಬ್ಬನಿಗೆ ಹೇಳಿದಾಗ ಅವನು ಎರಡು ಆಕ್ಷೇಪ ಎತ್ತಿದ. ಎರಡೂ ಗಟ್ಟಿಯಾದವೇ.

ಒಂದು, ಇದನ್ನೆಲ್ಲ ಮನೆಯಲ್ಲಿ ಯಾಕೆ ಮಾಡಬೇಕು, ಅದಕ್ಕೇ ಅಂತ ಜನ ಇಲ್ಲವಾ, ಅವರ ಹೊಟ್ಟೆ ಮೇಲೆ ಯಾಕೆ ಹೊಡೀತೀಯ ಅಂದ. ಒಪ್ಪುತ್ತೀನಿ. ತಾನೇ ಸ್ಪ್ಯಾನರ್ ಹಿಡಿಯೋದು ಗ್ಯಾರೇಜಿಗೆ ಕೊಡೋದಕ್ಕಿಂತ ಮೇಲು ಅಂತ ನನಗೆ ಅನ್ನಿಸಲ್ಲ. ಅದೊಂದು ಹವ್ಯಾಸ, ಇದ್ದವರಿಗೆ ಇರಲಿ. ಆದರೆ ಸರ್ವೀಸಿಗೆ ಬಿಟ್ಟಾಗ ಅವರು ಮೊದಲು ಕೇಳೋದು ‘ಏನು ಕಂಪ್ಲೇಂಟು ಸರ್?’ ಅಂತ. ನನಗೆ ಕಂಪ್ಲೇಂಟೇ ಗೊತ್ತಿಲ್ಲದಿದ್ದರೆ ಅವರ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಅಂತ ಬರುತ್ತೆ, ಬೈಕು ತೊಳೆದು ಹೊಳೆಸಿ ವಾಪಸ್ ಬರುತ್ತೆ. ಹಿಂದೆ ಯಾರು ಕೂರುತ್ತಾರೆ, ಅವರ ತೂಕ ಎಷ್ಟು, ಅವರ ನಡು ಹ್ಯಾಗಿದೆ ಅನ್ನೋದು ಯಾವ ಸರ್ವೀಸ್ ಕಾರ್ಡಿನಲ್ಲೂ ಇರಲ್ಲ. ರಿಪೇರಿ ಬೇರೆಯವರಿಗೆ ವಹಿಸಬಹುದು. ಒತ್ತಿ ನೋಡಿ ಯಾರಿಗಾಗಿ ಅಂತ ಹೇಳುವ ಕೆಲಸ ಮಾತ್ರ ಮನೆಯಲ್ಲೇ ಆಗಬೇಕು.

ಎರಡನೆಯದು ಚೂಪಾಗಿತ್ತು. ‘ರಸ್ತೆ ಕೆಟ್ಟಿದೆ, ಅದನ್ನು ಕೇಳೋದು ಬಿಟ್ಟು ನಿನ್ನ ಶಾಕಬ್ಸರ್ ಸರಿ ಮಾಡ್ಕೋತಿದೀಯಾ. ನೀವೆಲ್ಲ ಹೀಗೆ ನಿಮ್ಮ ನಿಮ್ಮ ಸೀಟು ಮೆತ್ತಗೆ ಮಾಡ್ಕೊಂಡ್ರೆ ರಸ್ತೆ ಕೇಳೋರು ಯಾರು?’ ನಮ್ಮ ಕಡೆ ರಸ್ತೆ ಕೆಡಲು ಗುತ್ತಿಗೆದಾರರಷ್ಟೇ ಕಾರಣ ಅಲ್ಲ, ನೆಲವೂ ಕಾರಣ. ಎರೆ ಭೂಮಿ ಮಳೆಗೆ ಉಬ್ಬುತ್ತೆ, ಬೇಸಗೆಗೆ ಕುಗ್ಗಿ ಬಿರುಕು ಬಿಡುತ್ತೆ. ಬುನಾದಿ ಸರಿ ಹಾಕದೆ ಮೇಲೆ ಡಾಂಬರು ಬಳಿದರೆ ಎರಡು ಮಳೆಗಾಲಕ್ಕೆ ಅಲೆ ಅಲೆಯಾಗುತ್ತೆ. ಬ್ಯಾಡಗಿಯಂತೂ ಮುಖ್ಯರಸ್ತೆ ಅಗಲ ಮಾಡಿ ಅಂತ ವರ್ಷಗಟ್ಟಲೆ ಬೀದಿಗಿಳಿದ ಊರು. ಮೆಣಸಿನಕಾಯಿ ಸುಗ್ಗಿಯಲ್ಲಿ ಲಾರಿ, ಟ್ರ್ಯಾಕ್ಟರು, ಘಾಟಿನ ನಡುವೆ ಅಲ್ಲಿ ಬೈಕು ನುಗ್ಗಿಸಿದವರಿಗೆ ಆ ಜಗಳ ಯಾಕೆ ಅಂತ ಹೇಳಿಕೊಡಬೇಕಾಗಿಲ್ಲ. ದೊಡ್ಡ ಕಾರಿನಲ್ಲಿ ಓಡಾಡುವವರಿಗೆ ಗುಂಡಿ ಗೊತ್ತೇ ಆಗಲ್ಲ ಅನ್ನುವ ಸಿಟ್ಟು ನನಗೂ ಇದೆ. ಹಾಗಾದರೆ ನಾನು ಮಾಡಿದ್ದೂ ಅದರ ಸಣ್ಣ ರೂಪವೇ?

ಸ್ವಲ್ಪ ದಿನ ಇದು ತಲೆಯಲ್ಲಿ ಕೊರೆಯಿತು. ಆಮೇಲೆ ಓದುತ್ತಾ ತಿಳಿದದ್ದು, ಸಸ್ಪೆನ್ಷನ್ನಿನ ಮೊದಲ ಕೆಲಸ ಆರಾಮ ಕೊಡೋದಲ್ಲ. ಟೈರನ್ನು ನೆಲಕ್ಕೆ ಅಂಟಿಸಿ ಇಟ್ಟುಕೊಳ್ಳೋದು. ನೆಗೆಯುತ್ತಿರುವ ಟೈರು ಬ್ರೇಕು ಹಾಕಿದರೂ ಹಿಡಿಯಲ್ಲ, ತಿರುವಿನಲ್ಲಿ ಜಾರುತ್ತೆ. ಆರಾಮ ಅದರ ಜೊತೆಗೆ ಬರುವ ಎರಡನೇ ಲಾಭ. ಹೊಸ ಶಾಕಬ್ಸರ್ ಹಾಕಿದ ಮೇಲೆ ನಾನೇ ಗಮನಿಸಿದೆ, ರಸ್ತೆ ಮರೆಯಾಗಲಿಲ್ಲ, ಇನ್ನೂ ಸ್ಪಷ್ಟ ಆಯ್ತು. ಮೊದಲು ಎಲ್ಲವೂ ಸೇರಿ ಒಂದೇ ಗಡಗಡ. ಈಗ ಇದು ಪ್ಯಾಚು, ಇದು ಅಲೆ, ಇದು ಕಿತ್ತುಹೋದ ಜಲ್ಲಿ ಅಂತ ಬೇರೆ ಬೇರೆಯಾಗಿ ಗೊತ್ತಾಗುತ್ತೆ. ರಸ್ತೆಯನ್ನು ಮರೆಸಿದ್ದು ನನ್ನ ರೂಢಿ. ಹತ್ತು ವರ್ಷ ಗಡಗಡ ಅನ್ನಿಸಿಕೊಂಡು ಓಡಾಡಿದವನು ರಸ್ತೆಯ ಬಗ್ಗೆ ಒಂದು ಅರ್ಜಿಯನ್ನೂ ಬರೆದಿರಲಿಲ್ಲ. ಗೆಳೆಯನ ಪ್ರಶ್ನೆಗೆ ಇದು ಪೂರ್ತಿ ಉತ್ತರ ಅಲ್ಲ ಅಂತ ಗೊತ್ತು. ಅರ್ಜಿ ಈಗಲೂ ಬರೆದಿಲ್ಲ.

ಬೈಕು ಸರಿಯಾದ ಮೇಲೆ ಒಂದು ಶನಿವಾರ ಕದರಮಂಡಲಗಿಯ ಕಾಂತೇಶನಿಗೆ ಹೋದೆವು. ಹೊರಡುವ ಮುಂಚೆ ನಾನು ಕೊಕ್ಕೆ ಸ್ಪ್ಯಾನರ್ ಹಿಡಿದು ಬಗ್ಗಿ ಎರಡು ಮನೆ ಏರಿಸಿದೆ, ಅವ್ವ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ದಾರಿಯಲ್ಲಿ ಒಂದು ಹಂಪು ನನ್ನ ಕಣ್ತಪ್ಪಿ ಹೋಯ್ತು. ಹಿಂದಿನಿಂದ ಸದ್ದಿಲ್ಲ. ಒಂದು ಫರ್ಲಾಂಗು ಆದ ಮೇಲೆ, ‘ಬುತ್ತಿ ಚಟ್ನಿ ಡಬ್ಬಿ ಉಲ್ಟಾ ಆಗಿಲ್ಲ’ ಅಂತ ಹೇಳಿದಳು. ಪೂಜೆ ಮುಗಿಸಿ ಅಲ್ಲಿಂದ ಚಿಗವ್ವನ ಮನೆಗೂ ಹೋದೆವು. ಊಟ ಆಯ್ತು, ಮಾತಾಯ್ತು, ಸಂಜೆ ಆಯ್ತು. ನಾನು ಬೈಕು ತಿರುಗಿಸಿ ಸ್ಟಾರ್ಟ್ ಮಾಡಿದೆ.

‘ನೀ ಮುಂದ ಹೋಗಪಾ, ನಾ ಬಸ್ಸಿಗೆ ಬರ್ತೀನಿ.’

ನಾನು ಎಂಜಿನ್ ಆರಿಸಿದೆ. ‘ಯಾಕಬೇ, ಮತ್ತ ನಡಾ ನೋಯ್ತೇನು?’

‘ಇಲ್ಲೋ. ಬಸ್ಸಿನ್ಯಾಗ ಮೋಟೆಬೆನ್ನೂರಿನಾಗ ಸರೋಜವ್ವ ಹತ್ತತಾಳ, ಮಾತಾಡ್ಕೋತ ಬರ್ತೀವಿ. ಟಿಕೆಟ್ಟೂ ಪುಕ್ಕಟೆ.’

ಅದು ನಿಜವೋ, ನನ್ನ ಖುಷಿ ಉಳಿಸಲು ಹೇಳಿದ್ದೋ ಅಂತ ಮುಖ ನೋಡಿದೆ. ಗೊತ್ತಾಗಲಿಲ್ಲ. ಬಸ್‌ ನಿಲ್ದಾಣದವರೆಗೆ ಬಿಟ್ಟು, ಬಸ್ಸು ಬರುವ ತನಕ ಜೊತೆಗೆ ನಿಂತು, ಅವಳು ಹತ್ತಿ ಹೋದ ಮೇಲೆ ಟೂಲ್ ಬಾಕ್ಸಿನಿಂದ ಸ್ಪ್ಯಾನರ್ ತೆಗೆದು ಎರಡು ಮನೆ ಇಳಿಸಿದೆ.